ಶಾಖಕ್ಕೆ ಮಣಿಯುವ ಹಲಗೆ



ನಾವು ವಾಸಿಸುವ ದಿಲ್‌ಸುಖ್‌ನಗರದಿಂದ ಕಡಲು ಬಹು ದೂರ. ಆದರೂ ಹಡಗಿನ ಮಾದರಿಯನ್ನು ಮಾಡಬೇಕೆಂಬ ಆಸೆ ನಮ್ಮ ಮಕ್ಕಳಲ್ಲಿ ಕಡಿಮೆಯಿಲ್ಲ. ಥರ್ಮೋಕೋಲಿನಿಂದ ಮಾಡುವವರ ಕೆಲಸ ಬೇಗ ಮುಗಿಯುತ್ತದೆ. ಮರದಿಂದ ಮಾಡಹೊರಟವರು ಮಾತ್ರ ಒಂದು ಹಂತದಲ್ಲಿ ತಡೆದು ನಿಲ್ಲುತ್ತಾರೆ. ಅಡಿಮರವನ್ನು ಇಟ್ಟು, ಅದರ ಮೇಲೆ ಪಕ್ಕೆಲುಬುಗಳನ್ನು ನಿಲ್ಲಿಸಿದ್ದಾಯಿತು. ಅವುಗಳಿಗೆ ತೆಳುವಾದ ಹಲಗೆಪಟ್ಟಿಯನ್ನು ಹೊದಿಸಹೋದರೆ ಮೂತಿಯ ತಿರುವಿನಲ್ಲಿ ಅದು ಚಟ್ಟನೆ ಮುರಿಯುತ್ತದೆ. ಕೆಲವರು ಮೊಳೆ ಹೊಡೆದು, ಅಂಟು ಸುರಿದು, ಬಲವಂತದಿಂದ ಅದನ್ನು ಕೂರಿಸುತ್ತಾರೆ. ಅಂಟು ಸಡಿಲಿದ ದಿನ ಆ ಹಲಗೆ ಸಿಡಿದೇಳುತ್ತದೆ. ಈ ತೊಡಕಿಗೆ ಪರಿಹಾರವೇನೆಂಬುದೇ ಈ ಪಾಠದ ವಿಷಯ.

1. ಮರವು ಬಾಗುವುದು ಹೇಗೆ?

ಮರದಲ್ಲಿ ಸೆಲ್ಯುಲೋಸ್ ಎಂಬ ಗಟ್ಟಿಯಾದ ಎಳೆಗಳಿವೆ. ಅವುಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುವ ಅಂಟಿನಂಥ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಚಾರ್‌ಮಿನಾರಿನ ಬಳಿಯ ಲಾಡ್ ಬಜಾರಿನಲ್ಲಿ ಅರಗಿನ ಬಳೆ ಮಾಡುವುದನ್ನು ನೋಡಿದವರಿಗೆ ಇದರ ಗುಣ ಸುಲಭವಾಗಿ ತಿಳಿದೀತು. ತಣ್ಣಗಿರುವ ಅರಗನ್ನು ಬಗ್ಗಿಸಿದರೆ ಮುರಿಯುತ್ತದೆ; ಕೆಂಡದ ಕಾವು ತಗುಲಿದರೆ ಮೆತ್ತಗಾಗಿ ಬಳೆಯ ಆಕಾರಕ್ಕೆ ಬರುತ್ತದೆ; ತಣಿದ ಮೇಲೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಲಿಗ್ನಿನ್ನಿನ ಸ್ವಭಾವವೂ ಹೀಗೆಯೇ. ಮರದಲ್ಲಿ ತೇವವಿದ್ದರೆ ಅದು ನೀರು ಕುದಿಯುವಷ್ಟು ಶಾಖದಲ್ಲಿಯೇ ಮೆದುವಾಗುತ್ತದೆ. ಒಣಗಿದ ಮರಕ್ಕಾದರೋ ಇನ್ನೂ ಹೆಚ್ಚಿನ ಶಾಖ ಬೇಕು. ಅಷ್ಟರಲ್ಲಿ ಮೇಲ್ಮೈ ಕರಿಕಾಗುವ ಭಯವುಂಟು. ಆದುದರಿಂದ ಶಾಖ ಮತ್ತು ತೇವ ಎರಡೂ ಕೂಡಿ ಕೆಲಸ ಮಾಡಬೇಕು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಲಗೆ ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ಹಬೆಗೆ ಮೆದುವಾದ ಮರ ಚೆನ್ನಾಗಿ ಕುಗ್ಗಬಲ್ಲುದು. ಆದರೆ ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚು ಹಿಗ್ಗಲಾರದು. ಬಿರುಕು ಯಾವಾಗಲೂ ಹೊರಮೈಯಲ್ಲಿ ಮೊದಲಾಗುವುದಕ್ಕೆ ಇದೇ ಕಾರಣ. 19ನೆಯ ಶತಮಾನದಲ್ಲಿ ಮೈಕೆಲ್ ಟೋನೆಟ್ ಎಂಬ ಬಡಗಿಯು ಮರದ ಹೊರಮೈಗೆ ಉಕ್ಕಿನ ಪಟ್ಟಿಯನ್ನು ಬಿಗಿದು, ಅದು ಹಿಗ್ಗದಂತೆ ತಡೆದು, ಕುರ್ಚಿಯ ಕಾಲುಗಳನ್ನೂ ಬೆನ್ನನ್ನೂ ಬಗ್ಗಿಸಿದನು. 1859ರಲ್ಲಿ ಅವನು ಹೊರತಂದ ಕುರ್ಚಿ ಲೋಕಪ್ರಸಿದ್ಧವಾಯಿತು.

2. ಕಾರವಾರದ ಹಡಗು

ಇದು ಕೇವಲ ಆಟಿಕೆಯ ವಿದ್ಯೆಯೆಂದು ಯಾರೂ ತಿಳಿಯಬಾರದು. 2025ರ ಮೇ 21ರಂದು ನಮ್ಮ ಕನ್ನಡನಾಡಿನ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಡಗು ನೌಕಾಪಡೆಯನ್ನು ಸೇರಿತು. ಅದರ ಹಲಗೆಗಳನ್ನು ಮೊಳೆಗಳಿಂದ ಜೋಡಿಸಿಲ್ಲ. ಹಬೆಯಲ್ಲಿ ಮೆದುಮಾಡಿ, ಒಡಲಿನ ತಿರುವಿಗೆ ಬಗ್ಗಿಸಿ, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಹೊಲಿದಿದ್ದಾರೆ. ಸಂದುಗಳಿಗೆ ನಾರು, ಮರದ ಅಂಟು ಮತ್ತು ಮೀನೆಣ್ಣೆಯನ್ನು ತುಂಬಿದ್ದಾರೆ. ಕೇರಳದ ಕುಶಲಿಗಳು ಬಾಬು ಶಂಕರನ್ ಅವರ ನೇತೃತ್ವದಲ್ಲಿ ಇದನ್ನು ಗೋವೆಯಲ್ಲಿ ಕಟ್ಟಿದರು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ.

ಈ ಹಡಗಿಗೂ ನಮ್ಮ ಹೈದರಾಬಾದಿಗೂ ಒಂದು ನಂಟುಂಟು. ಇದರ ರೂಪವನ್ನು ತೆಗೆದುಕೊಂಡದ್ದು ಅಜಂತೆಯ ಗುಹೆಯ ಚಿತ್ರವೊಂದರಿಂದ. ಬೀದರ, ಕಲಬುರಗಿ, ರಾಯಚೂರುಗಳಂತೆ ಅಜಂತೆಯೂ 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಪ್ರಾಚೀನ ಹಡಗಿನ ನಕ್ಷೆ ಯಾವುದೂ ಉಳಿದಿರಲಿಲ್ಲ. ಚಿತ್ರವನ್ನು ನೋಡಿಯೇ ಅಳತೆಗಳನ್ನು ಊಹಿಸಬೇಕಾಯಿತು. ಅನಂತರ ಮದರಾಸಿನ ಐ.ಐ.ಟಿ.ಯಲ್ಲಿ ಒಂದು ಚಿಕ್ಕ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದರು. ದೊಡ್ಡ ಹಡಗಿಗೂ ಮೊದಲು ಮಾದರಿಯೇ ಬೇಕಾಯಿತೆಂಬುದನ್ನು ಗಮನಿಸಿರಿ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯವು 2026ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು. ಹೊಲಿಗೆಯ ಹಡಗಿನಲ್ಲಿ ಒಂದು ಹಲಗೆ ಬಿಗುವಿನಿಂದ ಸೆಟೆದು ನಿಂತಿದ್ದರೂ ಅದು ಹಗಲಿರುಳೂ ಹಗ್ಗವನ್ನು ಜಗ್ಗುತ್ತಿರುತ್ತದೆ. ನಡುಗಡಲಿನಲ್ಲಿ ನಾವಿಕರ ಪ್ರಾಣವು ಹಲಗೆಗಳು ತಮ್ಮ ತಿರುವಿನಲ್ಲಿ ನೆಮ್ಮದಿಯಾಗಿ ಕುಳಿತಿರುವುದನ್ನು ಅವಲಂಬಿಸಿದೆ.

3. ಶಾಖದ ಸಾಧನಗಳು

ಮಾದರಿ ಹಡಗಿನ ಪಟ್ಟಿಗಳು ಸಾಮಾನ್ಯವಾಗಿ 1 ರಿಂದ 2 ಮಿಲಿಮೀಟರ್ ದಪ್ಪವಿರುತ್ತವೆ. ಅವುಗಳಿಗೆ ಒದಗುವ ಸಾಧನಗಳು ಇವು:

(ಅ) ಬಿಸಿನೀರು ಮತ್ತು ಹಬೆ: ಮರವನ್ನು ಸುಡದಿರುವ ಸಾಧನವಿದು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 500 ಮೀಟರ್‌ಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಹಬೆ ಬೇಕೆಂಬುದು ದೋಣಿ ಕಟ್ಟುವವರ ರೂಢಿಯ ಲೆಕ್ಕ.

(ಆ) ಬಿಸಿ ಕೊಳವೆ: ಪಿಟೀಲು ಮಾಡುವವರು ಅದರ ಪಕ್ಕದ ತೆಳು ಹಲಗೆಗಳನ್ನು ಕಾಯಿಸಿದ ದುಂಡು ಲೋಹದ ಮೇಲೆ ಒತ್ತಿ ಬಗ್ಗಿಸುತ್ತಾರೆ. ತೇವವಾದ ಪಟ್ಟಿಯನ್ನು ಲೋಹಕ್ಕೆ ಒತ್ತಿದಾಗ ಅದರೊಳಗಿನ ನೀರೇ ಹಬೆಯಾಗಿ ಮರವನ್ನು ಮೆದುಮಾಡುತ್ತದೆ.

(ಇ) ವಿದ್ಯುತ್ತಿನ ಸಾಧನ: ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ನಿನಂಥ ಹಿಡಿಕೆಗೆ ದುಂಡನೆಯ ಲೋಹದ ತಲೆಯನ್ನು ಕೂಡಿಸಿದ ಉಪಕರಣವು ಇದಕ್ಕೆಂದೇ ಬರುತ್ತದೆ. ಕೂದಲನ್ನು ಸುರುಳಿ ಮಾಡುವ ಕರ್ಲಿಂಗ್ ಐರನ್ನನ್ನೂ ಕೆಲವರು ಬಳಸುವುದುಂಟು. ಸೋಲ್ಡರಿಂಗ್ ಐರನ್ನಿನ ತುದಿ 300 ಡಿಗ್ರಿಯನ್ನು ಮೀರಬಹುದಾದ್ದರಿಂದ ಒಂದೇ ಕಡೆ ಹಿಡಿದರೆ ಮರ ಕರಿಕಾಗುತ್ತದೆ.

(ಈ) ಬಿಸಿಗಾಳಿಯ ಗನ್: ಇದು ಮರದ ತೇವವನ್ನು ಬೇಗನೆ ಹೀರಿಬಿಡುತ್ತದೆ. ಮಕ್ಕಳ ಕೈಗೆ ಇದು ತಕ್ಕದ್ದಲ್ಲ.

4. ಮಾಡುವ ಕ್ರಮ

ಎಳೆಗಳು ನೇರವಾಗಿರುವ, ಗಂಟಿಲ್ಲದ ಪಟ್ಟಿಯನ್ನು ಆರಿಸಿರಿ. ಅರ್ಧ ಗಂಟೆ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಿಂದ ಒರಸಿರಿ. ಒಳಬಾಗಬೇಕಾದ ಮುಖವನ್ನು ಬಿಸಿ ಲೋಹಕ್ಕೆ ತಾಗಿಸಿ ನಿಧಾನವಾಗಿ ಸರಿಸುತ್ತಿರಿ. ಮೊದಲು ಪಟ್ಟಿ ಸೆಟೆದಿರುತ್ತದೆ. ಕೆಲವು ಕ್ಷಣಗಳಲ್ಲಿ ಆ ಬಿಗುವು ಸಡಿಲುವುದು ಬೆರಳಿಗೆ ತಿಳಿಯುತ್ತದೆ. ಬಗ್ಗಿಸತಕ್ಕ ಸಮಯ ಅದೇ. ಬಿದಿರನ್ನು ಬೆಂಕಿಯ ಕಾವಿನಲ್ಲಿ ಬಗ್ಗಿಸುವ ಮೇದರೂ ಈ ಗಳಿಗೆಯನ್ನು ಕಾಯುತ್ತಾರೆ. ತಿರುವು ಬಂದ ಪಟ್ಟಿಯನ್ನು ಅಚ್ಚಿಗೆ ಕಟ್ಟಿ ಒಂದು ರಾತ್ರಿ ಒಣಗಲು ಬಿಡಿರಿ. ಒದ್ದೆಯಿರುವಾಗಲೇ ಅಂಟಿಸಬಾರದು; ಒಣಗಿ ಕುಗ್ಗಿದಾಗ ಸಂದುಗಳು ತೆರೆದುಕೊಳ್ಳುತ್ತವೆ. ಮರುದಿನ ಕಟ್ಟನ್ನು ಬಿಚ್ಚಿ ನೋಡಿರಿ. ಯಾರೂ ಹಿಡಿಯದಿದ್ದರೂ ಪಟ್ಟಿಯು ಬಹುಮಟ್ಟಿಗೆ ತನ್ನ ತಿರುವಿನಲ್ಲಿಯೇ ನಿಂತಿದ್ದರೆ ಕೆಲಸ ಸರಿಯಾಗಿದೆ. ನೇರವಾಗಲು ಚಿಮ್ಮಿದರೆ ಮತ್ತೊಮ್ಮೆ ನೆನೆಸಿ ಕಾಯಿಸಬೇಕು, ಮೊಳೆಯನ್ನು ಹುಡುಕಬಾರದು.

ಹಿರಿಯರು ಬಳಿಯಿಲ್ಲದೆ ಇದನ್ನು ಮಾಡಕೂಡದು. ಹಬೆಯ ಸುಡುಗಾಯ ಕುದಿನೀರಿನದಕ್ಕಿಂತ ಘೋರ. ಹಬೆಯ ಪಾತ್ರೆಯನ್ನು ಎಂದಿಗೂ ಪೂರ್ತಿ ಮುಚ್ಚಬಾರದು. ಹಬೆ ಹೊರಬೀಳಲು ದಾರಿಯಿರಲೇಬೇಕು. ಒದ್ದೆ ಕೈಯಿಂದ ವಿದ್ಯುತ್ತಿನ ಸಾಧನವನ್ನು ಮುಟ್ಟಬಾರದು.

ಅಭ್ಯಾಸ

1. ಒಂದೇ ಮರದ ಎರಡು ಪಟ್ಟಿಗಳನ್ನು ತೆಗೆದುಕೊಳ್ಳಿರಿ. ಒಂದನ್ನು ಒಣಗಿದಂತೆಯೇ, ಇನ್ನೊಂದನ್ನು ನೆನೆಸಿ ಹಬೆ ಕೊಟ್ಟು, ಒಂದೇ ಡಬ್ಬದ ಸುತ್ತ ಬಗ್ಗಿಸಿರಿ. ಬಿರುಕು ಯಾವ ಮುಖದಲ್ಲಿ ಮೊದಲಾಯಿತು? ಏಕೆ?
2. ಒಂದು ಅಂಗುಲವೆಂದರೆ ಸುಮಾರು 25 ಮಿಲಿಮೀಟರ್. ದೋಣಿ ಕಟ್ಟುವವರ ಲೆಕ್ಕದಂತೆ 2 ಮಿಲಿಮೀಟರ್ ಪಟ್ಟಿಗೆ ಎಷ್ಟು ನಿಮಿಷ ಹಬೆ ಬೇಕು?
3. ಕಾರವಾರದಲ್ಲಿ ನೀರು ಕುದಿಯುವ ಶಾಖಕ್ಕೂ ನಮ್ಮ ಊರಿನದಕ್ಕೂ ವ್ಯತ್ಯಾಸವೇಕೆ?