ನೆನಪಿನ ಶಕ್ತಿಗೆ ಒಂದೆಲಗ ಮತ್ತು ನೀರುಬ್ರಾಹ್ಮಿ

ಪರೀಕ್ಷೆಯ ಕಾಲ ಹತ್ತಿರವಾದಂತೆ ಮಕ್ಕಳ ನೆನಪಿನ ಶಕ್ತಿ ಹೆಚ್ಚಲೆಂದು ಬ್ರಾಹ್ಮಿಯ ಪುಡಿ, ಮಾತ್ರೆ, ಲೇಹ್ಯಗಳನ್ನು ಕೊಳ್ಳುವುದು ಹಳ್ಳಿಗಳಲ್ಲಿಯೂ ವಾಡಿಕೆಯಾಗಿದೆ. ಆದರೆ ಬ್ರಾಹ್ಮಿ ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಸಸ್ಯಗಳನ್ನು ಕರೆಯಲಾಗುತ್ತದೆ. ಈ ವ್ಯತ್ಯಾಸವನ್ನು ತಿಳಿಯದೆ ಬೆಳೆದ ಮಾಲನ್ನು ಖರೀದಿದಾರರು ತಿರಸ್ಕರಿಸಬಹುದು. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಂತೂ ತಿಂದವರ ಆರೋಗ್ಯಕ್ಕೇ ಹಾನಿ ತರಬಲ್ಲದು.

ಗುರುತಿಸುವ ಬಗೆ

ಒಂದೆಲಗ: ಇದು ಕೊತ್ತಂಬರಿಯ ಕುಟುಂಬಕ್ಕೆ ಸೇರಿದ, ನೆಲದ ಮೇಲೆ ಹರಡುವ ಸಸ್ಯ. ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷ್ಯಾಟಿಕಾ, ಸಂಸ್ಕೃತದಲ್ಲಿ ಮಂಡೂಕಪರ್ಣಿ, ತುಳುವಿನಲ್ಲಿ ತಿಮರೆ ಎಂದು ಹೆಸರು. ಉದ್ದನೆಯ ತೊಟ್ಟಿನ ತುದಿಯಲ್ಲಿ ಮೂತ್ರಪಿಂಡದ ಆಕಾರದ, ಅಂಚು ಕಚ್ಚುಕಚ್ಚಾದ ದುಂಡನೆಯ ಎಲೆ ಇರುತ್ತದೆ.

ನೀರುಬ್ರಾಹ್ಮಿ: ಇದರ ಹೆಸರು ಬಕೋಪಾ ಮೊನ್ನಿಯೇರಿ. ಎಲೆಗಳು ಚಿಕ್ಕವು, ದಪ್ಪನಾಗಿ ರಸಭರಿತವಾಗಿದ್ದು, ತೊಟ್ಟಿಲ್ಲದೆ ಎದುರುಬದುರಾಗಿ ಜೋಡಣೆಯಾಗಿರುತ್ತವೆ. ಹೂವು ಬಿಳಿ ಅಥವಾ ತಿಳಿ ನೀಲಿ. ರುಚಿ ಬಹಳ ಕಹಿ.

ಭಾರತೀಯ ಆಯುರ್ವೇದ ಔಷಧ ಸಂಹಿತೆಯಲ್ಲಿ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ. ಒಂದೆಲಗಕ್ಕೆ ಮಂಡೂಕಪರ್ಣಿ ಎಂಬ ಪ್ರತ್ಯೇಕ ಹೆಸರಿದೆ.

ಪ್ರಯೋಗಗಳಿಂದ ತಿಳಿದದ್ದು

ನೀರುಬ್ರಾಹ್ಮಿಯ ಮುಖ್ಯ ಸಾರಾಂಶ ಬಕೋಸೈಡುಗಳು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಇವುಗಳ ಅಧ್ಯಯನ ನಡೆದಿದೆ. ಆಸ್ಟ್ರೇಲಿಯಾದಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 300 ಮಿಲಿಗ್ರಾಂ ಸಾರ ಕೊಟ್ಟು ನಡೆಸಿದ ಪ್ರಯೋಗದ ವರದಿ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಗುಣ ಚೆನ್ನಾಗಿ ಕಂಡುಬಂದದ್ದು 12 ವಾರಗಳ ನಂತರ. 2002ರ ಇನ್ನೊಂದು ಪ್ರಯೋಗದಲ್ಲಿ ಕಲಿತದ್ದನ್ನು ಮರೆಯುವುದು ಕಡಿಮೆಯಾಯಿತು, ಆದರೆ ಕಲಿಯುವ ವೇಗ ಹೆಚ್ಚಲಿಲ್ಲ. ಆದ್ದರಿಂದ ಪರೀಕ್ಷೆಯ ಹಿಂದಿನ ವಾರ ಮಾತ್ರೆ ನುಂಗಿಸಿದರೆ ಪ್ರಯೋಜನವನ್ನು ನಿರೀಕ್ಷಿಸುವಂತಿಲ್ಲ. ಒಂದೆಲಗದ ವಿಷಯದಲ್ಲಿ ಇಷ್ಟು ಪುರಾವೆಯೂ ಇಲ್ಲ. ಅದನ್ನು ಒಳ್ಳೆಯ ಸೊಪ್ಪಾಗಿ ಬಳಸುವುದು ಲೇಸು.

ರಕ್ತಹೀನತೆ, ಅಯೋಡಿನ್ ಕೊರತೆ ಹಾಗೂ ನಿದ್ರೆಗೇಡಿನಿಂದಲೂ ಮಕ್ಕಳ ಕಲಿಕೆ ಕುಂಠಿತವಾಗುತ್ತದೆ. ಇವುಗಳನ್ನು ಮೊದಲು ಸರಿಪಡಿಸಬೇಕು.

ಬೇಸಾಯ ಕ್ರಮ

ನೀರುಬ್ರಾಹ್ಮಿಗೆ ತೇವಾಂಶ ಉಳಿಯುವ ತಗ್ಗು ಭೂಮಿ, ಗದ್ದೆಯ ಅಂಚು ಸೂಕ್ತ. ಕೊಟ್ಟಿಗೆ ಗೊಬ್ಬರ ಸೇರಿಸಿ ಭೂಮಿಯನ್ನು ಹದ ಮಾಡಬೇಕು. ಗೆಣ್ಣುಗಳಿರುವ 5 ರಿಂದ 10 ಸೆಂ.ಮೀ. ಉದ್ದದ ಕಾಂಡದ ತುಂಡುಗಳನ್ನು ಮಳೆಗಾಲದಲ್ಲಿ 10 ಸೆಂ.ಮೀ. ಅಂತರದಲ್ಲಿ ನೆಟ್ಟು ಕೂಡಲೆ ನೀರು ಹಾಯಿಸಬೇಕು. ಮೊದಲ ತಿಂಗಳುಗಳಲ್ಲಿ ಕಳೆ ಬೆಳೆಯದಂತೆ ನೋಡಿಕೊಳ್ಳುವುದು ಅತ್ಯವಶ್ಯ. ಮಳೆಗಾಲ ಮುಗಿದ ಮೇಲೆ ಬುಡದಲ್ಲಿ 4-5 ಸೆಂ.ಮೀ. ಬಿಟ್ಟು ಕೊಯ್ದರೆ ಕೂಳೆ ಬೆಳೆ ಬರುತ್ತದೆ. ಕೊಯ್ದ ಸೊಪ್ಪನ್ನು ತೊಳೆದು, ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಬೇಕು.

ಒಂದೆಲಗವನ್ನು ಬಚ್ಚಲಿನ ನೀರು ಸೇರದ ಕಡೆ, ತೆಂಗು ಅಡಿಕೆ ತೋಟದ ನೆರಳಿನಲ್ಲಿ ಬೇರುಬಿಟ್ಟ ಕುಡಿಗಳಿಂದ ಬೆಳೆಸಬಹುದು.

ನೀರಿನ ಬಗ್ಗೆ ಎಚ್ಚರ

ನೀರುಬ್ರಾಹ್ಮಿಗೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮುಂತಾದ ಲೋಹಗಳನ್ನು ಹೀರಿ ತನ್ನಲ್ಲಿ ಶೇಖರಿಸಿಕೊಳ್ಳುವ ಗುಣವಿದೆ. ಸೀಸವು ಮಕ್ಕಳ ಮಿದುಳಿಗೆ ವಿಷ. ಕಾರ್ಖಾನೆಯ ಅಥವಾ ಪಟ್ಟಣದ ಕೊಳಚೆ ಹರಿಯುವ ಕಡೆ ಬೆಳೆದ ಬ್ರಾಹ್ಮಿ, ಬುದ್ಧಿ ಬೆಳೆಸುವ ಬದಲು ಕೆಡಿಸೀತು. ತೊಳೆದರೆ ಈ ಲೋಹಗಳು ಹೋಗುವುದಿಲ್ಲ.

ಮನೆಯ ಬಳಕೆ

ಒಂದೆಲಗದ ತಂಬುಳಿ ಕರಾವಳಿ, ಮಲೆನಾಡುಗಳಲ್ಲಿ ಪರಿಚಿತ. ಒಂದು ಹಿಡಿ ಸೊಪ್ಪನ್ನು, ತುಪ್ಪದಲ್ಲಿ ಹುರಿದ ಜೀರಿಗೆ, ಮೆಣಸು ಮತ್ತು ತೆಂಗಿನತುರಿಯೊಂದಿಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ ಒಗ್ಗರಣೆ ಕೊಡುವುದು. ದನಗಳು ಮೇಯುವ ಜೌಗು ನೆಲದ ಸೊಪ್ಪಿನಲ್ಲಿ ಜಂತುಗಳು ಇರಬಹುದಾದ್ದರಿಂದ ಅಂತಹದನ್ನು ಹಸಿಯಾಗಿ ಬಳಸಬಾರದು.

ನೆನಪಿಡಬೇಕಾದ ಅಂಶಗಳು

1. ಬಿತ್ತನೆ ಸಸಿ ತರುವ ಮೊದಲು ಖರೀದಿದಾರರಿಗೆ ಬೇಕಾದದ್ದು ಯಾವ ಸಸ್ಯವೆಂದು ಖಚಿತಪಡಿಸಿಕೊಳ್ಳಿರಿ.

2. ಶುದ್ಧ ನೀರಿನಲ್ಲಿಯೇ ಬೆಳೆಯಿರಿ.

3. ನೀರುಬ್ರಾಹ್ಮಿಯಿಂದ ಕೆಲವರಿಗೆ ಓಕರಿಕೆ, ಭೇದಿ ಆಗುವುದುಂಟು. ಒಂದೆಲಗದ ಔಷಧಗಳಿಂದ ಯಕೃತ್ತಿಗೆ ತೊಂದರೆಯಾದ ನಿದರ್ಶನಗಳು ವಿರಳವಾಗಿ ವರದಿಯಾಗಿವೆ.

4. ಗರ್ಭಿಣಿಯರು, ಚಿಕ್ಕ ಮಕ್ಕಳು, ಮೂರ್ಛೆರೋಗ ಅಥವಾ ಥೈರಾಯ್ಡ್ ತೊಂದರೆಗೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಮಾತ್ರೆ, ಪುಡಿಗಳನ್ನು ಸೇವಿಸಬಾರದು.

5. ವಯಸ್ಸಾದವರಲ್ಲಿ ಮರೆವು ಹೆಚ್ಚುತ್ತಿದ್ದರೆ ಸೊಪ್ಪನ್ನೇ ನಂಬಿ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ.