ಎತ್ತಿನ ಹಲ್ಲು ನೋಡುವವರು ಲ್ಯಾಪ್‌ಟಾಪನ್ನೂ ನೋಡಿ ಕೊಳ್ಳಿ



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಮಾರುವವನ ಮಾತನ್ನಷ್ಟೇ ನಂಬಿ ಹಣ ಎಣಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತೇವೆ, ಗೊರಸು ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ. ಆದರೆ ಮಕ್ಕಳ ಓದಿಗೆಂದು ಲ್ಯಾಪ್‌ಟಾಪ್ ತರಲು ಪೇಟೆಗೆ ಹೋದಾಗ ಪೆಟ್ಟಿಗೆಯ ಮೇಲಿನ ಚಿತ್ರಕ್ಕೇ ಒಪ್ಪಿಬಿಡುತ್ತೇವೆ.

ಕಳೆದ ವಾರ ಅರಳಿಕಟ್ಟೆಯ ಬಳಿ ಒಬ್ಬ ಹಿರಿಯ ರೈತರು ನನ್ನನ್ನು ತಡೆದು, "ಸ್ವಾಮಿ, ಮಗಳು ಬಿ.ಕಾಂ. ಸೇರವಳೆ. ಅಂಗಡಿಯವರು ಲ್ಯಾಪ್‌ಟಾಪಿಗೆ ಮೂವತ್ತಾರು ಸಾವಿರ ಅಂತಾರೆ. ತಕ್ಕೊಳ್ಳಲಾ?" ಎಂದು ಕೇಳಿದರು. 2025-26ನೆಯ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಅದು ಏಳು ಕ್ವಿಂಟಾಲಿಗೂ ಮಿಕ್ಕಿದ ರಾಗಿ. ಆದಕಾರಣ ಊರಿನಲ್ಲಿ ದಿನವೂ ಕೇಳಿಬರುವ ಅಭಿಪ್ರಾಯಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡೋಣ.

1. "ಬೆಲೆ ಹೆಚ್ಚಿದ್ದರೆ ಮಾಲು ಒಳ್ಳೆಯದು."

ಮೊದಲು ಕೆಲಸ ಯಾವುದೆಂದು ಕೇಳಿಕೊಳ್ಳಿ. ಪಹಣಿ ನೋಡುವುದು, ಮಳೆಯ ಮುನ್ಸೂಚನೆ ತಿಳಿಯುವುದು, ಹಣ ಕಳಿಸುವುದು, ಇವಕ್ಕೆ ಸಾಧಾರಣ ಫೋನು ಸಾಕು. ಪುಟಗಟ್ಟಲೆ ಬರೆಯಬೇಕು, ಲೆಕ್ಕದ ಪಟ್ಟಿ ಮಾಡಬೇಕು ಎಂದಾದರೆ ಲ್ಯಾಪ್‌ಟಾಪು ಬೇಕು. ಅಂಥ ಲ್ಯಾಪ್‌ಟಾಪಿನಲ್ಲಿ 8 ಜಿ.ಬಿ. ರ‍್ಯಾಮ್ ಇರಲಿ. ಒಳಗೆ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಲಿ. ಅದು ಬೇಗ ಕೆಲಸ ಮಾಡುತ್ತದೆ. ತಿರುಗುವ ಭಾಗವಿಲ್ಲದ್ದರಿಂದ ಬಸ್ಸಿನ ಕುಲುಕಾಟವನ್ನೂ ಚೆನ್ನಾಗಿ ತಡೆಯುತ್ತದೆ.

2. "ಟ್ಯಾಬ್ಲೆಟ್ ಅಗ್ಗ, ಅದೇ ಸಾಕು."

ಪಾಠ ನೋಡಲು, ಪುಸ್ತಕ ಓದಲು ಸಾಕು. ಆದರೆ ನಾನೇ ಮೋಸಹೋದ ಸಂಗತಿ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಲೆ ಕಡಿಮೆಯೆಂದು ಒಂದು ಟ್ಯಾಬ್ಲೆಟ್ ಕೊಂಡೆ. ಅದರಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ವೈ-ಫೈ ಇದ್ದಲ್ಲಿ ಮಾತ್ರ ಅದಕ್ಕೆ ಇಂಟರ್‌ನೆಟ್. ಹೊಲದ ಬದುವಿನಲ್ಲಿ ನಿಂತಾಗ ಅದು ಬರಿಯ ಹಲಗೆ! ತಪ್ಪು ಅಂಗಡಿಯವರದಲ್ಲ, ಕೇಳದೆ ಕೊಂಡ ನನ್ನದು.

3. "ಕ್ಯಾಮೆರಾದ ಅಂಕಿ ದೊಡ್ಡದಿರಬೇಕು."

ಎಲೆಚುಕ್ಕೆ ರೋಗದ ಚಿತ್ರವನ್ನು ಅನೇಕ ರೈತರು ನನಗೆ ಕಳಿಸುತ್ತಾರೆ. ಮಸುಕಾದ ಚಿತ್ರದಿಂದ ರೋಗ ಗುರುತಿಸಲಾಗದು. ಮೆಗಾಪಿಕ್ಸೆಲ್ ಅಂಕಿ ಎಷ್ಟೇ ಇರಲಿ, ಬೆಳಕು ಸಾಲದಿದ್ದರೆ, ಕೈ ನಡುಗಿದರೆ ಪ್ರಯೋಜನವಿಲ್ಲ. ಅಂಗಡಿಯಲ್ಲೇ ಒಂದು ಎಲೆಯನ್ನು ಹತ್ತಿರದಿಂದ ತೆಗೆದು, ದೊಡ್ಡದು ಮಾಡಿ ನೋಡಿರಿ. ಬಿತ್ತುವ ಮೊದಲು ಬೀಜದ ಮೊಳಕೆ ಪರೀಕ್ಷಿಸುವುದಿಲ್ಲವೇ? ಇದೂ ಹಾಗೆಯೇ.

4. "ಹಳೆಯದು ಅಗ್ಗಕ್ಕೆ ಸಿಕ್ಕರೆ ಲಾಭ."

ಲಾಭವೇ, ನೋಡಿ ಕೊಂಡರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಒಗ್ಗುತ್ತದೆಯೇ ಎಂದು ಕೇಳಿರಿ. ಹಳೆಯ ಫೋನಾದರೆ *#06# ಒತ್ತಿದಾಗ 15 ಅಂಕಿಯ ಐ.ಎಂ.ಇ.ಐ. ಸಂಖ್ಯೆ ಕಾಣುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಸಂದೇಶ ಕಳಿಸಿರಿ. ಕಳವಾದದ್ದೆಂದು ತಡೆಹಿಡಿದ ಫೋನಾಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ.

5. "ಕಂತಿಗೆ ಬಡ್ಡಿಯೇ ಇಲ್ಲವಂತೆ."

ಬಾಯಿಮಾತು ಬಿಟ್ಟು ಕಾಗದದ ಮೇಲೆ ಕೂಡಿಸಿರಿ. ಒಂದು ಉದಾಹರಣೆ: ರೊಕ್ಕ ಕೊಟ್ಟರೆ 36,000 ರೂಪಾಯಿ. ಕಂತಾದರೆ ತಿಂಗಳಿಗೆ 3,250ರಂತೆ 12 ತಿಂಗಳು, ಅಂದರೆ 39,000. ಮೊದಲ ಶುಲ್ಕ 500. ಒಟ್ಟು 39,500. ಹೆಚ್ಚಿಗೆ ಕೊಟ್ಟದ್ದು 3,500 ರೂಪಾಯಿ, ಸುಮಾರು ಮುಕ್ಕಾಲು ಕ್ವಿಂಟಾಲ್ ರಾಗಿ. ಬಡ್ಡಿ ಎಂಬ ಹೆಸರು ಇಲ್ಲದಿದ್ದರೂ ಕೈಬಿಟ್ಟ ಹಣ ಹಣವೇ.

ಕೊಂಡ ಮೇಲೆ ರಸೀದಿಯನ್ನು ಪಟ್ಟಾಪುಸ್ತಕದಷ್ಟೇ ಜೋಪಾನವಾಗಿಡತಕ್ಕದ್ದು. ವಾರಂಟಿ ಎಷ್ಟು ದಿನ, ದುರಸ್ತಿ ಮಾಡುವ ಕೇಂದ್ರ ಯಾವ ಊರಿನಲ್ಲಿದೆ ಎಂದು ಕೊಳ್ಳುವಾಗಲೇ ಬರೆದುಕೊಳ್ಳಿರಿ. ಮಾಲು ಕೆಟ್ಟಿದ್ದು ಅಂಗಡಿಯವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಮಾಲಿಗೆ ದೂರಿನ ಶುಲ್ಕವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಆ ಹಿರಿಯರನ್ನು, "ಗೌಡರೇ, ಕಾಲೇಜಿನಲ್ಲಿ ಯಾವ ಕೆಲಸ ಇದೆಯೆಂದು ಮಗಳನ್ನು ಕೇಳಿದಿರಾ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನ ಕೇಳೇ ಇಲ್ಲ ಸ್ವಾಮಿ. ಸೋಮವಾರ ಅವಳನ್ನೂ ಕರ್ಕೊಂಡೇ ಹೋಗ್ತೀನಿ" ಎಂದರು.

ಅದೇ ಈ ಪಾಠದ ತಿರುಳು. ಹೊಲ ಉಳುವವನನ್ನು ಕೇಳದೆ ನೇಗಿಲು ತರಬಾರದು. ಬಳಸುವವರನ್ನು ಕೇಳಿರಿ, ಕೆಲಸ ಗೊತ್ತುಮಾಡಿರಿ, ಆಮೇಲೆ ಚೀಲದ ದಾರ ಬಿಚ್ಚಿರಿ.

— ಗ್ರಾಮಸೇವಕ