ಎರಡನೆಯ ವಚನದಿಂದ ಇಪ್ಪತ್ತನೆಯದಕ್ಕೆ

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ ನಮ್ಮ ಕಡೆಯ ಕೂಟಗಳಲ್ಲಿ ಹೆಚ್ಚಾಗಿ 2ನೇ ವಚನಕ್ಕೇ ನಿಂತುಬಿಡುತ್ತದೆ. ಮನಸ್ಸು ಹೊಸದಾಗಬೇಕೆಂಬ ಮಾತು ಅಲ್ಲಿದೆ. ಅದೊಂದನ್ನೇ ಹಿಡಿದು ಬೋಧಕರು ಗಂಟೆಗಟ್ಟಲೆ ಹೇಳುತ್ತಾರೆ, ಚಪ್ಪಾಳೆ ತಟ್ಟಿಸುತ್ತಾರೆ, ಕೂಟ ಮುಗಿಯುತ್ತದೆ. ಅದೇ ಅಧ್ಯಾಯ 20ನೇ ವಚನದ ಹೊತ್ತಿಗೆ ಹಸಿದ ವೈರಿಗೆ ಊಟ ಹಾಕುವ ಮಾತಿಗೆ ಬರುತ್ತದೆ. ನನಗೆ ಬೇಕಿದ್ದದ್ದು ಆ ಕೊನೆಯ ಭಾಗ. ಅದನ್ನು ಯಾರೂ ಓದಿ ಹೇಳಲಿಲ್ಲ.

2024ರ ಬೇಸಿಗೆಯನ್ನು ಚನ್ನಗಿರಿ ಸೀಮೆಯ ತೋಟದವರು ಮರೆಯಲಾರರು. ಹಿಂದಿನ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಅಡಿಕೆ ಉಳಿಸಿಕೊಳ್ಳಲು ಜನ ಟ್ಯಾಂಕರ್ ನೀರು ಕೊಂಡು ಹಾಯಿಸಿದರು. ನಮ್ಮ ಬೋರಿನಲ್ಲಿ ನೀರಿತ್ತು. ಆದರೆ ಯಜಮಾನರು ತೀರಿಕೊಂಡ ಮೇಲೆ, ಎರಡೂ ಮನೆಗೆ ಸೇರಿದ ಆ ಬೋರಿನ ಸ್ಟಾರ್ಟರ್ ಪೆಟ್ಟಿಗೆಗೆ ಮೈದುನ ಬೀಗ ಹಾಕಿದ್ದ. ಅವನ ಸಾಲುಗಳು ಹಸಿರಾಗಿದ್ದವು. ನನ್ನ ಕಡೆ ಸೋಗೆ ಜೋತುಬಿದ್ದು ಸುಳಿ ಒಣಗುತ್ತಿತ್ತು. ಖಾತೆ ಮಾಡಿಸಲು ಕಚೇರಿಗೆ ಹೋದರೆ, ಅಣ್ಣತಮ್ಮಂದಿರು ಒಪ್ಪಿ ಸಹಿ ಹಾಕಲಿ, ಆಮೇಲೆ ಬನ್ನಿ ಎಂದು ಅಲ್ಲಿದ್ದವರು ತಲೆಯೆತ್ತದೆ ಹೇಳಿದರು. ಅಣ್ಣ ಮಣ್ಣಾಗಿದ್ದರು. ಬೀಗ ಹಾಕಿದವನೇ ತಮ್ಮ.

ನಿದ್ದೆ ಹೋಯಿತು. ಮೈದುನನಿಗೆ ಹೇಳಬೇಕಾದ ಮಾತುಗಳನ್ನು ಬೆಳಗಿನ ತನಕ ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಹೊನ್ನಾಳಿಯಲ್ಲಿ ಉಪವಾಸ ಪ್ರಾರ್ಥನೆ ಇದೆ, ಬಾ ಎಂದು ನೆಂಟರು ಕರೆದುಕೊಂಡು ಹೋದರು. ಪರವೂರಿನಿಂದ ಬಂದಿದ್ದ ಬೋಧಕರಿಗೆ ಕೂಟಕ್ಕೆ ಮುಂಚೆ ನನ್ನ ಕಷ್ಟವನ್ನೆಲ್ಲ ಹೇಳಿಕೊಂಡಿದ್ದೆ. ಕೂಟದ ನಡುವೆ ಅವರು ಮೈಕಿನಲ್ಲಿ, "ಸಿಸ್ಟರ್, ಎದ್ದು ನಿಲ್ಲಿ. ನಿಮ್ಮೊಳಗೆ ಅವಿಶ್ವಾಸ ಇದೆ. ಅದು ಹೋಗೋ ತನಕ ತೋಟಕ್ಕೆ ಆಶೀರ್ವಾದ ಇಲ್ಲ" ಅಂದರು. ಎದ್ದು ನಿಂತೆ. ಮುಂದೆ ಕೂತವರೆಲ್ಲ ಹಿಂದೆ ತಿರುಗಿದರು. ಮಗಳು ನನ್ನ ಸೆರಗು ಹಿಡಿದುಕೊಂಡಳು. ಬೋಧಕರು ಕೆಳಗಿಳಿದು ಬಂದು ತಲೆಯ ಮೇಲೆ ಕೈಯಿಟ್ಟು ಒತ್ತಿದರು, ಮತ್ತೆ ಒತ್ತಿದರು. ನಾನು ಬೀಳಬೇಕಿತ್ತು. ಬೀಳಲಿಲ್ಲ. "ಗಟ್ಟಿ ಹೃದಯ" ಎಂದು ಹೇಳಿ ಮುಂದಿನವರ ಹತ್ತಿರ ಹೋದರು. ಬೀಗ ಹಾಕಿದವನ ವಿಶ್ವಾಸದ ಬಗ್ಗೆ ಅವರ ಬಾಯಿಂದ ಒಂದು ಮಾತೂ ಬರಲಿಲ್ಲ.

ಆ ರಾತ್ರಿ ಮನೆಯಲ್ಲಿ ಕುಟುಂಬ ಪ್ರಾರ್ಥನೆ. ಅತ್ತೆ, ನಾನು, ಮಕ್ಕಳು ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ನನ್ನ ಬಾಯಿ ಕಟ್ಟಿತು. ಪಕ್ಕದಲ್ಲಿ ಅತ್ತೆಯ ದನಿಯೂ ನಿಂತಿತು. ಮೈದುನ ಅವರು ಹೆತ್ತ ಮಗ. ಮಕ್ಕಳಿಬ್ಬರೇ ಪ್ರಾರ್ಥನೆ ಮುಗಿಸಿ ನಮ್ಮ ಮುಖ ನೋಡಿದರು. ತೋಟ ಹೋದರೆ ಹೋಗಲಿ, ಪ್ರಾರ್ಥನೆಯೂ ಹೋಯಿತಲ್ಲ ಎಂದು ನನಗೆ ಭಯವಾದದ್ದು ಆಗ.

ನ್ಯಾಮತಿಯಲ್ಲಿ ನಿವೃತ್ತ ಸಭಾಪಾಲಕರೊಬ್ಬರಿದ್ದಾರೆ. ಅವರು ನನಗೆ ಉಪದೇಶ ಮಾಡಲಿಲ್ಲ. ಅರಸುಗಳ ಮೊದಲನೆಯ ಪುಸ್ತಕದ 19ನೇ ಅಧ್ಯಾಯ ತೆಗೆದು ಕೊಟ್ಟರು. ಪ್ರವಾದಿ ಎಲೀಯ ಬದುಕು ಸಾಕೆಂದು ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಅವನನ್ನು ಬೈಯುವುದಿಲ್ಲ; ರೊಟ್ಟಿ ಕೊಡುತ್ತಾನೆ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸುತ್ತಾನೆ. ದೇವರು ಮಾತಾಡುವುದು ಅದೆಲ್ಲ ಆದ ಮೇಲೆ. "ಮೊದಲು ನಿದ್ದೆ ಮಾಡಮ್ಮ, ಡಾಕ್ಟರಿಗೆ ತೋರಿಸು" ಎಂದರು ಅಯ್ಯನವರು. ತಾಲ್ಲೂಕು ಆಸ್ಪತ್ರೆಗೆ ಹೋದೆ, ಮಾತ್ರೆ ತೆಗೆದುಕೊಂಡೆ. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆ ಅನ್ನುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ಓದುವ ಕ್ರಮ ನನಗೆ ಸಿಕ್ಕಿದ್ದು ಜಗಳೂರಿನ ತವರಿನಿಂದ. ಅಪ್ಪನದು ಮಳೆ ನಂಬಿದ ಹೊಲ, ಬರವೇ ಹೆಚ್ಚು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು ಎಂದು ಅಪ್ಪ ಅಭಿಮಾನದಿಂದ ಹೇಳುತ್ತಿದ್ದರು. ಅಷ್ಟು ನಿಧಾನವಾಗಿ ನಮ್ಮ ಕೈಗೆ ಬಂದದ್ದನ್ನು ಅವಸರದಲ್ಲಿ ಓದಬಾರದು ಅನ್ನುವುದು ಅವರ ಮಾತು. ಒಂದು ಭಾಗವನ್ನು ವಾರವಿಡೀ ಗಟ್ಟಿಯಾಗಿ ಓದುತ್ತಿದ್ದರು, ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ನಾನೂ ಹಾಗೇ ಮಾಡಿದೆ. ಎಚ್ಚರವಾಗುವ ಹೊತ್ತಿಗೇ ಎದ್ದು ಕೂತು 42, 43ನೇ ಕೀರ್ತನೆ ಓದುತ್ತಿದ್ದೆ. ಅಲ್ಲಿ ಕೀರ್ತನೆಗಾರ, ಯಾಕಿಷ್ಟು ಕುಗ್ಗಿದ್ದೀ ಎಂದು ತನ್ನ ಮನಸ್ಸನ್ನೇ ಕೇಳುತ್ತಾನೆ. ಮೈದುನನ ಜೊತೆ ಒಳಗೊಳಗೇ ಜಗಳವಾಡುತ್ತಿದ್ದ ನಾನು ನನ್ನ ಜೊತೆ ಮಾತಾಡಲು ಕಲಿತೆ. ಒಂದು ದಿನದಲ್ಲಿ ಏನೂ ಬದಲಾಗಲಿಲ್ಲ. ಮುಂದಿನ ಮಳೆಗಾಲದ ತನಕ ಸಮಯ ಹಿಡಿಯಿತು.

ಆಮೇಲೆ ರೋಮಾಪುರದವರ 12ನ್ನು ಕೊನೆಯ ತನಕ ಬರೆದೆ. ಎಲ್ಲರೊಂದಿಗೆ ಸಮಾಧಾನವಾಗಿರಿ ಅನ್ನುವಾಗಲೂ ಪೌಲನು, ನಿಮ್ಮಿಂದ ಆಗುವ ಮಟ್ಟಿಗೆ ಎಂದು ಸೇರಿಸುತ್ತಾನೆ. ಆ ಮಾತು ನನ್ನನ್ನು ಉಳಿಸಿತು. ಮೈದುನನ ಹೆಂಡತಿಗೆ ದಾವಣಗೆರೆಯಲ್ಲಿ ಆಪರೇಷನ್ ಆದಾಗ ಊಟದ ಕ್ಯಾರಿಯರ್ ಕಟ್ಟಿದೆ. ಖುದ್ದಾಗಿ ಹೋಗುವಷ್ಟು ಮನಸ್ಸು ಇನ್ನೂ ಆಗಿರಲಿಲ್ಲ, ಮಗಳ ಕೈಲಿ ಕಳಿಸಿದೆ. ಕ್ಯಾರಿಯರ್ ತೊಳೆದು ವಾಪಸ್ ಬಂತು, ಮಾತು ಬರಲಿಲ್ಲ.

ಪಾಲಿನ ದಾವೆಯನ್ನೂ ಹಾಕಿದ್ದೇನೆ. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದೆಂದು ನೆಂಟರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೇ ಅಧ್ಯಾಯ ತೋರಿಸುತ್ತಾರೆ. ಅದೇ ಅಧ್ಯಾಯದಲ್ಲಿ ಪೌಲನು, ಸಹೋದರರ ನಡುವೆ ನ್ಯಾಯ ತೀರಿಸುವ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿಲ್ಲವೇ ಎಂದು ಸಭೆಯನ್ನೇ ಕೇಳುತ್ತಾನೆ. ನಾನು ಮೊದಲು ಹೋದದ್ದು ಸಭೆಯ ಹಿರಿಯರ ಹತ್ತಿರವೇ. ಯಾರೂ ಕೂರಲು ಒಪ್ಪಲಿಲ್ಲ. ನನ್ನ ಕ್ಷಮೆಗೂ ಮಕ್ಕಳ ಪಾಲಿಗೂ ಗಂಟು ಹಾಕಬೇಡಿ.

ನಿದ್ದೆಯಿಲ್ಲದೆ ಒದ್ದಾಡುವವರಿಗೆ 14416ರಲ್ಲಿ ಟೆಲಿ ಮಾನಸ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸತ್ಯವೇದದ ಹಾಳೆಯಲ್ಲೇ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೂಟ ನಡೆಸುವವರಲ್ಲಿ ಒಂದೇ ಬೇಡಿಕೆ: ಕಷ್ಟ ಹೇಳಿಕೊಂಡು ಬಂದ ಹೆಂಗಸನ್ನು ಮಕ್ಕಳ ಮುಂದೆ ಎದ್ದು ನಿಲ್ಲಿಸಬೇಡಿ. ಮೊದಲು ಅವಳ ಜೊತೆ ಹೋಗಿ ಆ ಬೀಗ ತೆಗೆಸಿ.